ತೂಕವಿಲ್ಲದ ಹಗ್ಗ

ಭೌತಶಾಸ್ತ್ರದ ಹೋಂವರ್ಕಿಗೆ ನೆರವಾಗುವವರಲ್ಲಿ ಎರಡು ಪಂಗಡ: ವಿಷಯ ಬಲ್ಲವರು ಮತ್ತು ಮನೆಯವರು. ಮೊದಲನೆಯವರು ರಾತ್ರಿ ಒಂಬತ್ತರ ಮೇಲೆ ಫೋನ್ ಎತ್ತುವುದಿಲ್ಲ. ಎರಡನೆಯವರು ಕರೆಯದೆಯೇ ಬರುತ್ತಾರೆ. ನಾನು ಎಂದೋ ಬಿ.ಎಸ್ಸಿ.ಯಲ್ಲಿ ಪಿಸಿಎಂ ಓದಿ, ಆಮೇಲೆ ಬ್ಯಾಂಕು ಸೇರಿ, ಬಡ್ಡಿಯದೊಂದು ಬಿಟ್ಟು ಉಳಿದ ಸೂತ್ರಗಳನ್ನೆಲ್ಲ ಮರೆತವನು. ಹೀಗಾಗಿ ಎರಡೂ ಪಂಗಡಕ್ಕೆ ಅರ್ಧರ್ಧ ಸಲ್ಲುತ್ತೇನೆ.

ಮಗಳು ಮೊದಲ ಪಿಯುಸಿಗೆ ಸೇರಿದ ವರ್ಷ ಮನೆಗೆ ಮೆಕ್ಯಾನಿಕ್ಸ್ ಬಂತು. ಅದರ ಕಷ್ಟವೆಲ್ಲ ಇರುವುದು ಒಂದೇ ಕಡೆ: ಅದರಲ್ಲಿ ಎಲ್ಲರಿಗೂ ಅನುಭವವಿದೆ. ಎಳೆಯದೆ, ನೂಕದೆ, ಜಾರದೆ, ಬೀಳದೆ ಬದುಕಿದವರು ಯಾರಿದ್ದಾರೆ?

"ತೂಕವಿಲ್ಲದ ಹಗ್ಗವೊಂದು ಘರ್ಷಣೆಯಿಲ್ಲದ ರಾಟೆಯ ಮೇಲೆ ಹಾದುಹೋಗಿದೆ. ಒಂದು ತುದಿಗೆ 8 ಕೆ.ಜಿ., ಇನ್ನೊಂದಕ್ಕೆ 12 ಕೆ.ಜಿ..." ಎಂದು ನಾನು ಮಗಳಿಗೆ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ನಮ್ಮಪ್ಪ ಪೇಪರು ಕೆಳಗಿಳಿಸಿದರು.

"ಎಲ್ಲಿ ಸಿಗುತ್ತಂತೋ ಆ ರಾಟೆ?"

ಅಪ್ಪ ಪ್ರಾಯದಲ್ಲಿ ಕಪಿಲೆ ಹೊಡೆದವರು. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಹೋದಂತೆ ಬಾವಿಯಿಂದ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೇರುವುದನ್ನು ಬೆಳಗಿನಿಂದ ಬಿಸಿಲೇರುವವರೆಗೆ ಕಂಡವರು. ರಾಟೆಗೆ ಎಣ್ಣೆ ಹಾಕದಿದ್ದರೆ ಅದರ ಕಿರುಗುಟ್ಟುವಿಕೆ ಪಕ್ಕದೂರಿಗೆ ಕೇಳುತ್ತಿತ್ತಂತೆ. ಇನ್ನು ನೀರು ಕುಡಿದ ಮಿಣಿಯ ತೂಕವೆಷ್ಟೆಂದು ಎತ್ತಿನ ಕತ್ತನ್ನೇ ಕೇಳಬೇಕು.

"ಹಾಗಂದುಕೊಳ್ಳಬೇಕು ಅಷ್ಟೆ, ಅಪ್ಪಾ" ಎಂದೆ.

"ಅಂದ್ಕೊಂಡ್ರೆ ನೀರು ಬರುತ್ತೇನೋ?"

ವೇಗೋತ್ಕರ್ಷ 2, ಹಗ್ಗದ ಬಿಗಿತ 96 ನ್ಯೂಟನ್ ಎಂದು ಉತ್ತರ ಬಂತು. ಪುಸ್ತಕದ ಹಿಂದಿನ ಪುಟಕ್ಕೂ ತಾಳೆಯಾಯಿತು. ಅಪ್ಪ ಮಾತ್ರ ಆ ಬಾವಿಯ ನೀರನ್ನು ಕೊನೆಗೂ ಕುಡಿಯಲಿಲ್ಲ.

ಲಿಫ್ಟಿನ ಲೆಕ್ಕ ಬಂದಾಗ ನನ್ನ ಹೆಂಡತಿ ಅಡುಗೆಮನೆಯಿಂದ ಈಚೆಗೆ ಬಂದಳು. 70 ಕೆ.ಜಿ.ಯ ಮನುಷ್ಯ ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ನಿಂತಿದ್ದಾನೆ. ಲಿಫ್ಟು 5ರ ವೇಗೋತ್ಕರ್ಷದಲ್ಲಿ ಕೆಳಗಿಳಿದರೆ ಯಂತ್ರ 35 ತೋರಿಸುತ್ತದೆ. "ದಿನಾ ವಾಕಿಂಗ್ ಹೋದ್ರೂ ಅರ್ಧ ಕಿಲೋ ಇಳಿದಿಲ್ಲ. ಲಿಫ್ಟಲ್ಲಿ ಇಳಿದ್ರೆ ಅರ್ಧಕ್ಕರ್ಧ ಇಳಿಯುತ್ತಾ ರೀ?" ಎಂದಳು. ಲಿಫ್ಟಿನ ಹಗ್ಗ ಕಡಿದುಹೋದರೆ ಯಂತ್ರ ಸೊನ್ನೆ ತೋರಿಸುತ್ತದೆ ಎಂದು ಮಗಳು ಸೇರಿಸಿದಳು. "ಆಗ ಯಂತ್ರ ನೋಡೋರು ಯಾರೇ?"

ಎದುರುಮನೆಯವರು ನಿವೃತ್ತ ಬಸ್ ಡ್ರೈವರು. ತಿರುವಿನಲ್ಲಿ ಗಾಡಿ ಜಾರದಂತೆ ಎಷ್ಟು ವೇಗದಲ್ಲಿ ಹೋಗಬಹುದೆಂಬ ಲೆಕ್ಕದಲ್ಲಿ ಗಾಡಿಯ ತೂಕ ಎರಡೂ ಕಡೆ ಹೊಡೆದುಹೋಗುತ್ತದೆ. ಖಾಲಿ ಬಸ್ಸಾದರೇನು, ತುಂಬಿದ ಬಸ್ಸಾದರೇನು, ಸೂತ್ರಕ್ಕೆ ಎರಡೂ ಒಂದೇ. ಇದನ್ನು ಕೇಳಿ ಅವರು ನಮ್ಮ ಸೋಫಾದ ಮೇಲೆ ನೆಟ್ಟಗೆ ಕೂತರು. "ಸ್ವಾಮಿ, ಟಾಪಿನ ಮೇಲೆ ಲೋಡು ಹಾಕ್ಕೊಂಡು ಚಾರ್ಮಾಡಿ ಘಾಟಿ ಇಳಿದಿದ್ದೀರಾ?" ಅವರು ಹೇಳಿದ್ದು ಸರಿಯೇ. ಸೂತ್ರ ಹೇಳುವುದು ಜಾರುವುದರ ಬಗ್ಗೆ, ಅವರು ಹೆದರಿದ್ದು ಮಗುಚುವುದಕ್ಕೆ. ಭಾರ ಮೇಲೇರಿದಷ್ಟೂ ಗುರುತ್ವಕೇಂದ್ರ ಮೇಲೇರಿ ಗಾಡಿ ಬೇಗ ಮಗುಚುತ್ತದೆ. ಆದರೆ ನಾಳೆ ಬೆಳಿಗ್ಗೆ ಒಪ್ಪಿಸಬೇಕಾದ ಹೋಂವರ್ಕಿನಲ್ಲಿ ಚಾರ್ಮಾಡಿಗೆ ಅಂಕವಿರಲಿಲ್ಲ.

ಅಂದಹಾಗೆ, ಈ ವಿಷಯದಲ್ಲಿ ಇನ್ನೊಬ್ಬರ ನೆರವು ಕೇಳುವುದೇನೂ ನಮ್ಮ ಕಾಲದ ಸೋಮಾರಿತನವಲ್ಲ. 1684ರಲ್ಲಿ ಎಡ್ಮಂಡ್ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ನ್ಯೂಟನ್‌ನನ್ನು ಕೇಳಿದ: ಸೂರ್ಯನ ಸೆಳೆತ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದಾದರೆ ಗ್ರಹದ ದಾರಿ ಯಾವ ಆಕಾರ? ದೀರ್ಘವೃತ್ತ, ಲೆಕ್ಕ ಮಾಡಿಯಾಗಿದೆ ಎಂದ ನ್ಯೂಟನ್. ತೋರಿಸಿ ಎಂದರೆ ಹಾಳೆ ಸಿಗಲಿಲ್ಲ! "ಮಾಡಿದ್ದೀನಿ ಮಿಸ್, ಮನೇಲಿ ಬಿಟ್ಟು ಬಂದೆ" ಎಂಬ ಮಾತಿನ ವಂಶಾವಳಿ ಇಷ್ಟು ಎತ್ತರದ್ದೆಂದು ಮಕ್ಕಳಿಗೆ ತಿಳಿಯದಿರುವುದೇ ಕ್ಷೇಮ. ನ್ಯೂಟನ್ ಮತ್ತೆ ಮಾಡಿಕೊಟ್ಟ. ಅದು ಬೆಳೆದು 1687ರಲ್ಲಿ 'ಪ್ರಿನ್ಸಿಪಿಯ' ಆಯಿತು. ಅದರ ಅಚ್ಚಿನ ಖರ್ಚು ಕೊಟ್ಟವನೂ ಹ್ಯಾಲಿಯೇ. ಟ್ಯೂಷನ್ ಫೀಸೆಂದರೆ ಅದು.

ಎರಡನೆಯ ಪಿಯುಸಿಗೆ ಕ್ವಾಂಟಮ್ ಬಂತು. ಮನೆಯಲ್ಲಿ ಶಾಂತಿ ನೆಲೆಸಿತು.

ಸೀಸಿಯಂ ಲೋಹದಿಂದ ಎಲೆಕ್ಟ್ರಾನನ್ನು ಕೀಳಲು 2.14 ಎಲೆಕ್ಟ್ರಾನ್ ವೋಲ್ಟ್ ಬೇಕು. ಬೀಳುವ ಬೆಳಕಿನ ಒಂದೊಂದು ಕಣದಲ್ಲಿ 2.48 ಇದೆ. ಕಳೆದರೆ 0.34. ಮುಗಿಯಿತು! ನಮ್ಮ ಕಡೆ ಹೀಗಿರಲಿಲ್ಲ ಎನ್ನುವವರಿಲ್ಲ. ಸೀಸಿಯಂ ಅಂಗಡಿಯ ವಿಳಾಸ ಕೇಳುವವರಿಲ್ಲ. ಬೆಳಕು ಬಿಡಿಬಿಡಿ ಕಣಗಳಾಗಿ ಬರುತ್ತದೆ ಎಂದಾಗ ಅಪ್ಪ ಪೇಪರು ಇಳಿಸದೆಯೇ "ಬರ್ಲಿ ಬಿಡು" ಎಂದರು. 1905ರಲ್ಲಿ ಐನ್‌ಸ್ಟೈನ್ ಇದನ್ನೇ ಹೇಳಿದಾಗ ಅಮೆರಿಕದ ಮಿಲಿಕನ್‌ಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ವರ್ಷಗಟ್ಟಲೆ ಪ್ರಯೋಗ ಮಾಡಿ, 1916ರಲ್ಲಿ ತನ್ನ ಅಳತೆಗಳಿಂದಲೇ ಐನ್‌ಸ್ಟೈನ್ ಸಮೀಕರಣ ಸರಿಯೆಂದು ತೋರಿಸಿದ. ಆಮೇಲೂ ಆ ಕಣಗಳನ್ನು ನಂಬಲು ಹಿಂಜರಿದ. ಕಪಿಲೆ ಹೊಡೆಯದವರ ಪಾಡೇ ಹೀಗೆ.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ಡಿ ಬ್ರಾಯ್‌ನಿಂದ. ಚಲಿಸುವ ವಸ್ತುವಿಗೆಲ್ಲ ಒಂದು ಅಲೆಯಿದೆ ಎಂದು 1924ರಲ್ಲಿ ಹೇಳಿದ ಫ್ರಾನ್ಸಿನವನು ಇವನು.

"ಎಲ್ಲದಕ್ಕೂ?" ಎಂದರು ಅಪ್ಪ. ಪೇಪರು ಇಳಿದಿತ್ತು. "ಎತ್ತಿಗೂ?"

ಮೊಮ್ಮಗಳಿಗೆ ಹುರುಪು ಬಂತು. 400 ಕೆ.ಜಿ. ಎತ್ತು, ಸೆಕೆಂಡಿಗೆ ಒಂದು ಮೀಟರ್ ನಡಿಗೆ. ಪ್ಲಾಂಕ್ ಸ್ಥಿರಾಂಕವನ್ನು ಭಾಗಿಸಿ, ದಶಮಾಂಶ ಬಿಂದುವಿನ ಮುಂದೆ 35 ಸೊನ್ನೆ ಹಾಕಿ, ಆಮೇಲೆ 17 ಎಂದು ಬರೆದಳು. "ಇಷ್ಟು ಮೀಟರ್ ಉದ್ದದ ಅಲೆ, ತಾತ."

"ಇಲ್ಲ ಅಂತಲೇ ಹೇಳು ಮತ್ತೆ." ಅಪ್ಪ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. "ಎತ್ತು ನಡೆಯದೆ ನಿಂತುಬಿಟ್ರೆ?"

ವೇಗ ಸೊನ್ನೆ. ಸೊನ್ನೆಯಿಂದ ಭಾಗಿಸಬೇಕು. ಎತ್ತಿನ ಅಲೆ ಅನಂತ. ಮಗಳು ನನ್ನ ಮುಖ ನೋಡಿದಳು, ನಾನು ಫೋನು ನೋಡಿದೆ, ಒಂಬತ್ತು ದಾಟಿತ್ತು. ಕೊನೆಗೆ ಅವಳೇ ದಾರಿ ಕಂಡುಕೊಂಡಳು. "ಎತ್ತು ಇಲ್ಲೇ ಇದೆ, ಪೂರ್ತಿ ನಿಂತೂ ಇದೆ ಅಂತ ಎರಡನ್ನೂ ಒಟ್ಟಿಗೆ ಖಚಿತವಾಗಿ ಹೇಳೋಕಾಗಲ್ಲ, ತಾತ. ಅನ್‌ಸರ್ಟನ್ಟಿ ಪ್ರಿನ್ಸಿಪಲ್. ಹೈಸನ್‌ಬರ್ಗ್ ಅಂತ ಜರ್ಮನಿಯವರು, 1927ರಲ್ಲಿ ಹೇಳಿದ್ದಾರೆ."

ಅಪ್ಪ ಪೇಪರು ಮಡಿಸಿ ಎದ್ದರು.

"ನಮ್ಮ ಕೆಂದ ಎತ್ತನ್ನ ನೋಡಿಲ್ಲ ಆ ಮನುಷ್ಯ."