ಕುದ್ರು ಕೊಳ್ಳುವ ಕುಬೇರರಿಗೆ

ಡಿಸೆಂಬರ್ ಬಂತೆಂದರೆ ಕುಂದಾಪುರದ ಕಡೆಯ ಜಾಗದ ಬ್ರೋಕರುಗಳಿಗೆ ಸುಗ್ಗಿ. ಬೆಂಗಳೂರು, ಮುಂಬೈ, ದುಬೈಗಳಿಂದ ಬಂದ ಕುಬೇರರು ಮರವಂತೆಯಲ್ಲಿ ಕಾರು ನಿಲ್ಲಿಸುತ್ತಾರೆ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ಎಳನೀರು ಕುಡಿದು, ಹೊಳೆಯ ನಡುವಿನ ಹಸಿರಿನತ್ತ ಬೆರಳು ಮಾಡಿ ಕೇಳುತ್ತಾರೆ: "ಅದು ಸೇಲ್‌ಗಿದೆಯಾ?"

"ಇತ್ತ್ ಮರಾಯ್ರೆ, ಎಂತಕ್ಕೆ ಇಲ್ಲೆ?" ಎನ್ನುತ್ತಾನೆ ಬ್ರೋಕರ್. ಎದುರಿನ ಕಡಲನ್ನು ಕೇಳಿದ್ದರೂ ಅವನು ಪಹಣಿ ತರಿಸುತ್ತಿದ್ದ.

ಹೊಳೆ ನಡುವಿನ ಇಂಥ ನೆಲವೇ ನಮ್ಮ ಕುದ್ರು. ಬೈಂದೂರು ಕಡೆ ಮರವಂತೆಯ ಕುರು, ಕುಂದಾಪುರ ಕಡೆ ಉಪ್ಪಿನಕುದ್ರು, ಬಬ್ಬುಕುದ್ರು, ಬ್ರಹ್ಮಾವರ ಕಡೆ ಹಂಗಾರಕಟ್ಟೆಯ ಬಾಳೆಕುದ್ರು. ಕೆಲವಕ್ಕೆ ಸೇತುವೆ ಬಂದಿದೆ, ಕೆಲವಕ್ಕೆ ಇಂದಿಗೂ ದೋಣಿಯೇ ಗತಿ. ಉಪ್ಪಿನಕುದ್ರು ಕೊಗ್ಗ ದೇವಣ್ಣ ಕಾಮತರ ಯಕ್ಷಗಾನ ಗೊಂಬೆಯಾಟದ ಊರು. ದಾರ ಎಳೆದಂತೆ ಕುಣಿಯುವುದನ್ನು ಮರದ ಗೊಂಬೆಗಳಿಗೆ ಕಲಿಸಲು ಅಲ್ಲಿ ತಲೆಮಾರುಗಳೇ ಸಂದಿವೆ. ಜಾಗ ಕೊಳ್ಳಲು ಬಂದವರಿಗೆ ಬ್ರೋಕರ್ ಅದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿಸುತ್ತಾನೆ.

ಅವನು ಜಾಗ ತೋರಿಸುವುದು ಉಬ್ಬರದ ಹೊತ್ತಿನಲ್ಲೇ. ತುಂಬಿದ ಹೊಳೆ, ಅಂಗಳದ ತುದಿಗೇ ಬಂದು ನಿಲ್ಲುವ ದೋಣಿ, ನೀರಿಗೆ ಬಾಗಿದ ತೆಂಗು. ಸಾಹೇಬರು ಫೋಟೊ ತೆಗೆದು ಮನೆಯವರಿಗೆ ಕಳಿಸುವಷ್ಟರಲ್ಲಿ ಅಡ್ವಾನ್ಸಿನ ಮಾತು ಮುಗಿದಿರುತ್ತದೆ. ಇಳಿತದ ದರ್ಶನವಾಗುವುದು ರಿಜಿಸ್ಟ್ರಿ ಆದ ಮೇಲೆ. ಆಗ ಮೊಣಕಾಲುದ್ದ ಕೆಸರು, ಅದರ ನಡುವೆ ಒಂದು ಕೈಯಲ್ಲಿ ಶೂ, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತ ಸಾಹೇಬರು. ಪಕ್ಕದಲ್ಲಿ ಮಳಿ ಚಿಪ್ಪು ಹೆಕ್ಕುತ್ತಿದ್ದ ಅಕ್ಕ ತಲೆಯೆತ್ತಿ, "ಭರ್ತ ಬರ್ಲಿ, ಅಲ್ಲಿವರಿಗೆ ಕೂಕಣಿ" ಎಂದು ಉಬ್ಬರ ಕಾಯಲು ಹೇಳಿ, ಮತ್ತೆ ತನ್ನ ಕೆಲಸಕ್ಕೆ ಬಗ್ಗುತ್ತಾಳೆ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಆದರೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಿಕ್ಕ ನೀರು ಶುಕ್ರವಾರ ಸಿಗುವುದು ಮಧ್ಯಾಹ್ನ ಒಂದು ಕಳೆದ ಮೇಲೆ. ಯಾವ ಕಂಪನಿಯಲ್ಲೂ ಇದಕ್ಕೆ ರಜೆಯಿಲ್ಲ.

ಇನ್ನು ಕಾಗದಪತ್ರ. ಕುದ್ರು ಇದ್ದಲ್ಲೇ ಇದೆ, ದಾಖಲೆ ಮಾತ್ರ ಊರೂರು ಸುತ್ತಿದೆ. 1956ರವರೆಗೆ ಮದ್ರಾಸು, ಆಮೇಲೆ ಮೈಸೂರು ರಾಜ್ಯದ ದಕ್ಷಿಣ ಕನ್ನಡ, 1997ರಲ್ಲಿ ಉಡುಪಿ ಜಿಲ್ಲೆ, 2018ರಲ್ಲಿ ಬೈಂದೂರು, ಬ್ರಹ್ಮಾವರ ಹೊಸ ತಾಲ್ಲೂಕು. ಹಳೆಯ ಕಡತ ಕೇಳಿದರೆ ಒಂದು ಕಚೇರಿಯವರು "ಅಲ್ಲಿಗೆ ಕಳಿಸಿದ್ದೇವೆ" ಎನ್ನುತ್ತಾರೆ, ಇನ್ನೊಂದು ಕಚೇರಿಯವರು "ಇಲ್ಲಿಗೆ ಬಂದಿಲ್ಲ" ಎನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಬ್ರೋಕರ್ ದಡದ ಮ್ಯಾಂಗ್ರೋವ್ ಪೊದೆಗಳತ್ತ ಕೈ ಬೀಸಿ, "ಆ ಕಾಂಡ್ಲದವರೆಗೂ ನಿಮ್ದೇ" ಎಂದಾಗ ಅವನ ಕೈ ನೋಡಬೇಡಿ, ಸರ್ವೆಯ 11ಇ ನಕ್ಷೆ ನೋಡಿ. ಅವನು ತೋರಿಸಿದ್ದರಲ್ಲಿ ಎಷ್ಟು ಕುಮ್ಕಿಯೋ ದೇವರೇ ಬಲ್ಲ. ಕುಮ್ಕಿ ಸರ್ಕಾರದ ಜಾಗ, ಪಕ್ಕದ ಪಟ್ಟಾ ಜಾಗದ ವರ್ಗದಾರರಿಗೆ ಇರುವುದು ಅಲ್ಲಿಂದ ಸೊಪ್ಪು, ಸೌದೆ ತರುವ ಸವಲತ್ತು ಮಾತ್ರ. ಸ್ವಿಮ್ಮಿಂಗ್ ಪೂಲ್ ಸೊಪ್ಪಿನ ಲೆಕ್ಕಕ್ಕೆ ಬರುವುದಿಲ್ಲ. ಪಹಣಿಯಲ್ಲಿ 80 ಸೆಂಟ್ಸ್ ಇದ್ದದ್ದು ಅಳೆದಾಗ 65 ಆದರೆ ಸರ್ವೆಯವರನ್ನು ಬೈಯಬೇಡಿ. ಉಳಿದದ್ದನ್ನು ಮಳೆಗಾಲಗಳು ಕೊರೆದು ಒಯ್ದಿವೆ. ಹೊಳೆ ಜಾಗ ಮಾಡಿಕೊಳ್ಳುವಾಗ ಮುದ್ರಾಂಕ ಶುಲ್ಕ ಕಟ್ಟುವುದಿಲ್ಲ, ಖಾತೆ ಬದಲಾವಣೆಗೆ ಅರ್ಜಿಯನ್ನೂ ಹಾಕುವುದಿಲ್ಲ.

ಕಾನೂನು ಕೊಳ್ಳುವವರ ಪರವಾಗಿಯೇ ಇದೆ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಯಿತು. ಆದರೆ ಕೊಳ್ಳುವುದು ಬೇರೆ, ಕಟ್ಟುವುದು ಬೇರೆ. ಭೂಪರಿವರ್ತನೆ ಆಗಬೇಕು. ಅದರ ಮೇಲೆ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್. 2019ರ ಅಧಿಸೂಚನೆಯ ಪ್ರಕಾರ ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ಗೆರೆಯಿಂದ 20 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಸ್ಥಳೀಯರ ಹಳೆ ಮನೆಯ ರಿಪೇರಿಗಷ್ಟೇ ಅವಕಾಶ. ಕಾಂಡ್ಲಾವನ 1000 ಚದರ ಮೀಟರಿಗಿಂತ ದೊಡ್ಡದಿದ್ದರೆ ಅದರ ಸುತ್ತ ಮತ್ತೆ 50 ಮೀಟರ್ ಬಿಡಬೇಕು. ಅಗಲ ಕಡಿಮೆಯ ಕುದ್ರಿನಲ್ಲಿ ಈ ಬದಿ, ಆ ಬದಿ ಎಲ್ಲ ಕಳೆದರೆ ಉಳಿಯುವುದು ಒಂದು ಬಚ್ಚಲುಮನೆಯ ಜಾಗ. ಅದಕ್ಕೂ ಏಪ್ರಿಲ್‌ನಲ್ಲಿ ನೀರಿರುವುದಿಲ್ಲ. ನೀರಿದ್ದರೂ ಉಪ್ಪು. ನಾಲ್ಕೂ ಕಡೆ ನೀರಿರುವ ಮನೆಗೆ ಕುಡಿಯುವ ನೀರು ಕೊಡದಲ್ಲಿ ದೋಣಿ ಹತ್ತಿ ಬರಬೇಕು. ಜುಲೈಯಲ್ಲಿ ನೀರಿನ ಕೊರತೆಯಿಲ್ಲ. ಸೌಪರ್ಣಿಕಾ ಉಕ್ಕಿದರೆ ದಡದಲ್ಲಿರುವ ನಾವುಂದದ ಸಾಲ್ಬುಡಕ್ಕೇ ದೋಣಿ ಬೇಕಾಗುತ್ತದೆ, ಕುದ್ರಿನ ಪಾಡು ಕೇಳಬೇಡಿ.

ಕೆಲವು ಜಾಗಕ್ಕೆ ನಾಗಬನವೋ ಹಾಯ್ಗುಳಿ ದೈವದ ಕಲ್ಲೋ ಸೇರಿಕೊಂಡೇ ಬರುತ್ತದೆ. ನಮ್ಮ ಕೆರಾಡಿಯಲ್ಲಿ ಚಿತ್ರೀಕರಣವಾಗಿ 2022ರಲ್ಲಿ ತೆರೆಕಂಡ 'ಕಾಂತಾರ'ವನ್ನು ಎರಡೆರಡು ಸಲ ನೋಡಿ ರೋಮಾಂಚನಗೊಂಡವರೇ, ತಾವು ಕೊಂಡ ಜಾಗದಲ್ಲಿ ಬನ ಕಂಡಾಗ "ಇದನ್ನು ಸ್ವಲ್ಪ ಆಚೆ ಶಿಫ್ಟ್ ಮಾಡಬಹುದಾ?" ಎನ್ನುತ್ತಾರೆ. ಸಿನಿಮಾದಲ್ಲಿ ತಮ್ಮದು ಯಾರ ಪಾತ್ರ ಎಂದು ಅವರಿಗೆ ಆಗಲೂ ಹೊಳೆಯುವುದಿಲ್ಲ.

ಈ ವ್ಯವಹಾರದ ಅಸಲು ಸೊಗಸು ಬೇರೆಯೇ ಇದೆ. ಮಾರುವವರು ಮಾರುವುದು ಸೇತುವೆ ಇಲ್ಲವೆಂದು. ಜಡಿಮಳೆಯಲ್ಲಿ ಮಗುವನ್ನು ಶಾಲೆಗೆ ದಾಟಿಸಿ ಸಂಜೆವರೆಗೆ ಹೊಳೆ ನೋಡುತ್ತ ಕೂತವರು, ನಡುರಾತ್ರಿ ಎದೆನೋವು ಬಂದ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ ದೋಣಿಗೆ ಹೊತ್ತವರು, ಪ್ರತಿ ಚುನಾವಣೆಗೂ ಮನವಿ ಕೊಟ್ಟು ಭರವಸೆ ಪಡೆದವರು. ಕೊಳ್ಳುವವರು ಕೊಳ್ಳುವುದೂ ಸೇತುವೆ ಇಲ್ಲವೆಂದೇ. "ಇಲ್ಲಿ ಪ್ರೈವೆಸಿ ಇದೆ" ಎನ್ನುತ್ತಾರೆ. ಒಬ್ಬರ ಗೋಳೇ ಇನ್ನೊಬ್ಬರಿಗೆ ಸೆಂಟ್ಸ್ ಲೆಕ್ಕದಲ್ಲಿ ರೇಟು. ಒಂದು ಮಳೆಗಾಲ ಕಳೆಯಲಿ, ಸೇತುವೆ ಬೇಕೆಂದು ಮೊದಲ ಮನವಿ ಬರೆಯುವವರೂ ಈ ಪ್ರೈವೆಸಿಯವರೇ. ಅವರದು ಬೇಗ ಮಂಜೂರಾದರೂ ಆಶ್ಚರ್ಯವಿಲ್ಲ. ಅವರ ಲೆಟರ್‌ಹೆಡ್ಡಿನ ಕಾಗದ ದಪ್ಪ.

ಕೊಳ್ಳಲೇಬೇಕೆಂದಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಎರಡು ಸಲ ಬನ್ನಿ. ಜುಲೈಯಲ್ಲಿ ಬಂದು ನೆರೆ ನೋಡಿ, ಏಪ್ರಿಲ್‌ನಲ್ಲಿ ಬಂದು ಬಾವಿಯ ನೀರು ಕುಡಿದು ನೋಡಿ. ಎರಡು ಸಲವೂ ಬ್ರೋಕರನ್ನು ಬಿಟ್ಟು, ಇಳಿತದ ಹೊತ್ತಿಗೆ ಬನ್ನಿ. ಮಾರುವವರಲ್ಲಿ ರೇಟು ಕೇಳುವ ಮೊದಲು "ಯಾಕೆ ಬಿಟ್ಟು ಹೋಗ್ತಿದ್ದೀರಿ?" ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿ. ಆಮೇಲೂ ಮನಸ್ಸಿದ್ದರೆ ಧಾರಾಳವಾಗಿ ಕೊಳ್ಳಿ, ಸೇತುವೆಯ ಮನವಿಗೆ ಕುದ್ರಿನವರ ಜೊತೆಯೇ ಸಹಿ ಹಾಕಿ. ಇಲ್ಲವಾದರೆ ದೋಣಿಯವರಿಗೆ ಬಾಡಿಗೆ ಕೊಟ್ಟು, ಮೀನೂಟ ಮಾಡಿ ಮನೆಗೆ ಹೋಗಿ. ಹೊಳೆ ನೋಡಲು ಖಾತೆ ಬೇಕಿಲ್ಲ.