ಗೋಡೆಗಳ ಜಾತಕ ಬರೆಯುವ ಸಾರ್

ಕುತ್ತಿಗೆಗೆ ಲೇಸರ್ ಮೀಟರ್ ನೇತುಹಾಕಿಕೊಂಡು, ಲಿನನ್ ಷರ್ಟಿನ ತೋಳು ಮಡಚಿ, ಹಳೇ ಮನೆಯೊಂದರ ಗೋಡೆಯನ್ನೇ ದಿಟ್ಟಿಸುತ್ತ ನಿಂತವರು ಬೆಂಗಳೂರಿನ ಇಂದಿರಾನಗರದಲ್ಲಿ ನಿಮ್ಮ ಕಣ್ಣಿಗೆ ಬಿದ್ದೇ ಬಿದ್ದಿರುತ್ತಾರೆ. ಅವರು ಮನೆ ಕೊಳ್ಳಲು ಬಂದವರಲ್ಲ, ಕಟ್ಟುವವರೂ ಅಲ್ಲ. ಕಟ್ಟಿ ಮುಗಿದದ್ದನ್ನು ಮತ್ತೆ ಸರಿಮಾಡುವವರು. ಮೇಸ್ತ್ರಿಗಳ ಬಾಯಲ್ಲಿ ಅವರು ‘ರೆನೋವೇಶನ್ ಸಾರ್’. ನಿಜ ಹೆಸರು ವಿಸಿಟಿಂಗ್ ಕಾರ್ಡಿನಲ್ಲಿದೆ, ಆದರೆ ಅದು ಬೂದು ಕಾಗದದ ಮೇಲೆ ಬೂದು ಅಕ್ಷರ.

ಕಂಟೋನ್ಮೆಂಟಿನಿಂದ ಕೆ.ಆರ್. ಪುರದವರೆಗೆ ಅವರ ಸಾಮ್ರಾಜ್ಯ. ಕಂಟೋನ್ಮೆಂಟಿನಲ್ಲಿ ಮಂಕಿ ಟಾಪ್ ಇರುವ, ಮದ್ರಾಸ್ ತಾರಸಿಯ, ಸುಣ್ಣದ ಗಾರೆಯ ಬಂಗಲೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಹಲಸೂರಿನ ಹಳೇ ಬೀದಿಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ. ಅದರ ಈ ಮಗ್ಗುಲು ಗಿರಾಕಿಯದು, ಆ ಮಗ್ಗುಲು ಗಿರಾಕಿಯೊಡನೆ ಮಾತು ಬಿಟ್ಟವರದು. ಕೆ.ಆರ್. ಪುರದಲ್ಲಿ ಎರಡು ಅಂತಸ್ತಿನ ಮೇಲೆ ಪಿ.ಜಿ.ಗೆಂದು ಇನ್ನೊಂದು ಏರಿಸಬೇಕು. ಆದರೆ ಸಾರ್ ಹೊಟ್ಟೆಪಾಡು ನಡೆಯುವುದು ಇಂದಿರಾನಗರದ ನಲವತ್ತು–ಅರವತ್ತರ ಸೈಟುಗಳಲ್ಲಿ. ಸಂಬಳದವರು ಸಾಲ ಮಾಡಿ ಕಟ್ಟಿಸಿದ ಮನೆಗಳು ಕೆಫೆ, ಬುಟಿಕ್, ಪಬ್ ಆಗುವ ಕಾಲ ಇದು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರೋಡ್ ಮೆಟ್ರೊ ಓಡತೊಡಗಿದ ಮೇಲೆ ಸಿ.ಎಂ.ಎಚ್. ರಸ್ತೆಯ ಸುತ್ತಮುತ್ತ ಮಲಗುವ ಕೋಣೆಗಿಂತ ಕಾಫಿ ಕೌಂಟರಿಗೇ ಬೆಲೆ ಜಾಸ್ತಿ.

ಸಾರ್ ಪ್ರಾಣ ಇರುವುದು ಕಟ್ಟಡದ ನಕ್ಷೆ ಬರೆಯುವ ರೆವಿಟ್ ಎಂಬ ತಂತ್ರಾಂಶದಲ್ಲಿ. 1997ರಲ್ಲಿ ಅಮೆರಿಕದ ಮಸಾಚುಸೆಟ್ಸಿನಲ್ಲಿ ಹುಟ್ಟಿದ ಸಣ್ಣ ಕಂಪನಿಯೊಂದು ಇದನ್ನು 2000ದಲ್ಲಿ ಮಾರುಕಟ್ಟೆಗೆ ತಂದಿತು; ಎರಡೇ ವರ್ಷಕ್ಕೆ ಆಟೋಡೆಸ್ಕ್ ಆ ಕಂಪನಿಯನ್ನೇ ಕೊಂಡಿತು. ಇಲ್ಲಿ ಗೋಡೆಯೆಂದರೆ ಬರೀ ಎರಡು ಗೆರೆಯಲ್ಲ. ಪ್ರತಿ ಗೋಡೆಗೂ ಒಂದು ಜಾತಕವುಂಟು: ಯಾವ ಹಂತದಲ್ಲಿ ಹುಟ್ಟಿತು, ಯಾವ ಹಂತದಲ್ಲಿ ಬೀಳುತ್ತದೆ. ಸುತ್ತಿಗೆಯ ಚಿತ್ರ ಒತ್ತಿ ಗೋಡೆ ಮುಟ್ಟಿದರೆ ಅದಕ್ಕೆ ಮರಣಯೋಗ. ಕಿಟಕಿಯೊಂದನ್ನು ಹಾಗೆ ಕೆಡವಿದರೆ, ಅದಿದ್ದ ಕಂಡಿಯನ್ನು ತಂತ್ರಾಂಶವೇ ಅದೇ ಜಾತಿಯ ಗೋಡೆಯಿಂದ ತುಂಬಿಬಿಡುತ್ತದೆ. ಮರಳಿಲ್ಲ, ಸಿಮೆಂಟಿಲ್ಲ, ಮೇಸ್ತ್ರಿಯ ಮುನಿಸೂ ಇಲ್ಲ.

ಆಫೀಸಿಗೆ ಹೊಸದಾಗಿ ಸೇರಿದ ಹುಡುಗರು ಸುತ್ತಿಗೆ ಬಿಟ್ಟು ಡಿಲೀಟ್ ಒತ್ತುತ್ತಾರೆ. ಆಗ ಗೋಡೆ ಬೀಳುವುದಿಲ್ಲ, ಹುಟ್ಟಿಯೇ ಇರಲಿಲ್ಲ ಎಂದಾಗುತ್ತದೆ. ಕೆಡವುವ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ, ಗುತ್ತಿಗೆದಾರನಿಗೆ ಕೆಡವಿದ ಕೂಲಿಯೂ ಹುಟ್ಟುವುದಿಲ್ಲ. ಏಳಡಿ ಕೆಡವಬೇಕಾದಾಗ ಗೋಡೆಯನ್ನು ಮೊದಲು ತುಂಡರಿಸಲು ಮರೆತರಂತೂ ಇಡೀ ಗೋಡೆ ಬಾಗಿಲು ಕಿಟಕಿ ಸಮೇತ ಹೋಗುತ್ತದೆ. ಇನ್ನು ಹಂತ ಬದಲಿಸದೆ ಹಳೇ ಮನೆಯ ನೋಟದಲ್ಲೇ ಹೊಸ ಕಿಟಕಿ ಇಟ್ಟರೆ, 1978ರ ಮನೆಗೆ ಆಗಲೇ ಯುಪಿವಿಸಿ ಕಿಟಕಿ ಇತ್ತೆಂದು ದಾಖಲೆಯಾಗುತ್ತದೆ.

ಸಾರ್ ನಿಜವಾಗಿ ಬೆವರುವುದು ಗಾರೆಯ ವಿಷಯಕ್ಕೆ. ಪಬ್ಬಿನವರಿಗೆ ‘ಎಕ್ಸ್‌ಪೋಸ್ಡ್ ಬ್ರಿಕ್’ ಬೇಕು. ಎಂದರೆ ಹಿಂದಿನವರು ದುಡ್ಡು ಕೊಟ್ಟು ಮೆತ್ತಿಸಿದ್ದನ್ನು ಇವರು ದುಡ್ಡು ಕೊಟ್ಟು ಕೆರೆಸಬೇಕು. ರೆವಿಟ್ಟಿನಲ್ಲಿ ಇಟ್ಟಿಗೆ, ಒಳಗಾರೆ, ಹೊರಗಾರೆ ಎಲ್ಲ ಸೇರಿ ಒಂದೇ ಗೋಡೆ, ಒಂದೇ ಜಾತಕ. ಗಾರೆ ಮಾತ್ರ ಸಾಯಲಿ, ಇಟ್ಟಿಗೆ ಬದುಕಲಿ ಎಂದರೆ ಸುಲಭಕ್ಕೆ ಒಪ್ಪದು. ಅದಕ್ಕೆ ಸಾರ್ 230 ಮಿಲಿಮೀಟರಿನ ಇಟ್ಟಿಗೆ ಗೋಡೆ ಒಂದು, ಅದರ ಮೈಗಂಟಿ 12 ಮಿಲಿಮೀಟರಿನ ಗಾರೆಯದೇ ಇನ್ನೊಂದು ‘ಗೋಡೆ’ ನಿಲ್ಲಿಸಿ, ಎರಡನೆಯದಕ್ಕೆ ಸುತ್ತಿಗೆ ಕೊಡುತ್ತಾರೆ. ಹೊಸ ಟೈಲ್ಸ್ ಬರುವುದಾದರೆ ಮೂರನೆಯದು. ಇವನ್ನೆಲ್ಲ ಒಂದಕ್ಕೊಂದು ಜೋಡಿಸಲು ಮರೆತರೆ ಬಾಗಿಲು ಇಟ್ಟಿಗೆಯನ್ನಷ್ಟೇ ಸೀಳುತ್ತದೆ. ಬಾಗಿಲು ತೆರೆದವರಿಗೆ ಎದುರಿಗೆ ಗಾರೆಯ ದರ್ಶನ.

ಹಳೇ ಮನೆಯ ಮೂಲೆಗಳೂ ಸಾರ್ ಮಾತು ಕೇಳುವುದಿಲ್ಲ. ಹಲಸೂರಿನ ಗೋಡೆಯನ್ನು ಇದ್ದಂತೆ ಅಳೆದು ಹಾಕಿದರೆ ‘ಗೆರೆ ಅಕ್ಷದಿಂದ ಕೊಂಚ ಓರೆಯಾಗಿದೆ’ ಎಂದು ತಂತ್ರಾಂಶ ಗೊಣಗುತ್ತದೆ. ಗೊಣಗು ತಾಳಲಾರದೆ ಸಾರ್ ನೇರ ಮಾಡುತ್ತಾರೆ. ಪರದೆಯ ಮೇಲೆ ಗೋಡೆ ನೆಟ್ಟಗಾಗುತ್ತದೆ, ಹಲಸೂರಿನಲ್ಲಿ ಹಾಗೇ ಇರುತ್ತದೆ. ತಿಂಗಳ ನಂತರ ಬಂದ ವಾರ್ಡ್‌ರೋಬು ಮೂಲೆಗೆ ಕೂರುವುದಿಲ್ಲ. ತಪ್ಪು ಬಡಗಿಯದು!

ರೆವಿಟ್ಟಿಗೆ ಗೊತ್ತಿರುವುದು ನಾಲ್ಕೇ ಸ್ಥಿತಿ: ಇದ್ದದ್ದು, ಕೆಡವಿದ್ದು, ಹೊಸದು, ತಾತ್ಕಾಲಿಕ. ಮನೆಯೊಡತಿಗೆ ಐದನೆಯದೊಂದು ಗೊತ್ತು: ‘ನೋಡೋಣ’. ದೇವರ ಕೋಣೆಯ ಗೋಡೆ ತೆಗೆಯೋದಾ? ನೋಡೋಣ. ವಾಸ್ತುವಿನವರು ಬಂದು ಹೋಗಲಿ, ಮಗಳು ನ್ಯೂಜೆರ್ಸಿಯಿಂದ ಫೋನ್ ಮಾಡಲಿ. ಅಲ್ಲಿಯವರೆಗೆ ಆ ಗೋಡೆಗೆ ಫೈಲಿನಲ್ಲಿ ಜಾಗವೇ ಇಲ್ಲ. ‘ತಾತ್ಕಾಲಿಕ’ವನ್ನಂತೂ ಈ ಊರಿನಲ್ಲಿ ನಂಬುವ ಹಾಗಿಲ್ಲ. ಶಿವಾಜಿನಗರದಲ್ಲಿ ತಾತ್ಕಾಲಿಕವಾಗಿ ಎಬ್ಬಿಸಿದ ತಗಡಿನ ಮರೆಗಳು ಎಷ್ಟೋ ಕಾಂಕ್ರೀಟಿಗಿಂತ ಹಳೆಯವು.

ಮೇಸ್ತ್ರಿಯ ಪದ್ಧತಿ ಬೇರೆ. ಆತ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟಿ, ತಲೆಯೆತ್ತಿ ಮೋಲ್ಡು ನೋಡಿ, ‘ಸಾರ್, ಇದು ಭಾರ ಹೊತ್ತಿದೆ’ ಎನ್ನುತ್ತಾನೆ. ಹಳೇ ಕಾಲದ ಅನೇಕ ಮನೆಗಳಿಗೆ ಪಿಲ್ಲರೇ ಇಲ್ಲ, ಮೇಲಿನ ಸ್ಲ್ಯಾಬು ಕೂತಿರುವುದು ಒಂಬತ್ತಿಂಚಿನ ಇಟ್ಟಿಗೆ ಗೋಡೆಯ ಮೇಲೆ. ಪರದೆಯಲ್ಲಿ ಗೋಡೆ ಕೆಡವಿದರೂ ಸ್ಲ್ಯಾಬು ಗಾಳಿಯಲ್ಲಿ ನಿಶ್ಚಿಂತೆಯಾಗಿ ನಿಂತಿರುತ್ತದೆ, ತಂತ್ರಾಂಶ ಉಸಿರೆತ್ತುವುದಿಲ್ಲ. ಜಾಕಿ ಕೊಟ್ಟು ಉಕ್ಕಿನ ತೊಲೆ ಏರಿಸುವ ಖರ್ಚು ಕೇಳಿದ ಮೇಲೆ ‘ಓಪನ್ ಪ್ಲ್ಯಾನ್’ ಎಂಬ ಮಾತು ಆ ಮನೆಯಲ್ಲಿ ಮತ್ತೆ ಕೇಳಿಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಫಜೀತಿ ಬಣ್ಣದ್ದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನಕ್ಷೆಯಲ್ಲಿ ಕೆಡವುವುದಕ್ಕೆ ಹಳದಿ, ಹೊಸದಾಗಿ ಕಟ್ಟುವುದಕ್ಕೆ ಕೆಂಪು. ಪಾಲಿಕೆಗೆ ಕೊಡುವ ನಕ್ಷೆ ನೋಡಿ ಪಳಗಿದ ಮೇಸ್ತ್ರಿಗೆ ಇದು ಬಾಯಿಪಾಠ. ರೆವಿಟ್ ಮಾತ್ರ ಅಮೆರಿಕದಿಂದ ಬರುವಾಗಲೇ ಕೆಡವುವುದಕ್ಕೆ ಕೆಂಪು ಬಳಿದುಕೊಂಡು ಬಂದಿದೆ. ಸಾರ್ ಅದನ್ನು ಬದಲಿಸದೆ ಚೆಂದದ ತ್ರೀಡಿ ಪ್ರಿಂಟು ತೆಗೆದು ಸೈಟಿಗೆ ಕಳಿಸುತ್ತಾರೆ. ಮೇಸ್ತ್ರಿ ಕೆಂಪು ಕಂಡು, ಬೀಳಬೇಕಾದ ಗೋಡೆಗೆ ಇಟ್ಟಿಗೆ ತರಿಸುತ್ತಾನೆ.

ಆದ್ದರಿಂದ ಮನೆ ರಿಪೇರಿಗೆ ಕೈಹಾಕುವ ಓದುಗರಲ್ಲಿ ಒಂದು ಬಿನ್ನಹ: ಯಾವ ಬಣ್ಣಕ್ಕೆ ಏನರ್ಥವೆಂದು ಮೇಸ್ತ್ರಿಯ ಎದುರೇ ಸಾರ್ ಬಾಯಿಂದ ಹೇಳಿಸಿ, ಗೋಡೆ ಭಾರ ಹೊತ್ತಿದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ಕೇಳಿ, ಅಡ್ವಾನ್ಸ್ ಆಮೇಲೆ ಕೊಡಿ.