ಮೂಗಿನ ಮೇಷ್ಟ್ರು

ಶಿವಮೊಗ್ಗದ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಬೀದಿಯವರು ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. ಲ್ಯಾಬಿನ ಕಿಪ್ ಉಪಕರಣದ ಪಕ್ಕ ನಿಂತು ಕೊಳೆತ ಮೊಟ್ಟೆಯ ವಾಸನೆ ಕುಡಿದೇ ಸರ್ವೀಸ್ ಮುಗಿಸಿದ ಮೂಗು ಅವರದು. ಈಗ ಪಿಂಚಣಿಯ ಜೊತೆಗೆ ಬಿಡುವೂ ಸಿಕ್ಕಿದೆ. ತಿರುವಿನಲ್ಲಿ ಕಾರೊಂದು ಸುಟ್ಟ ವಾಸನೆ ಹೊತ್ತು ಬಂದರೆ ಸಾಕು, ಅವರ ಗೇಟಿನ ಚಿಲಕ ಸದ್ದಾಗುತ್ತದೆ. ಪಂಚೆ ಎತ್ತಿ ಕಟ್ಟಿ, ಕೈ ಹಿಂದಿಟ್ಟುಕೊಂಡು, ಮೂಗನ್ನು ಮುಂದೆ ಬಿಟ್ಟು ಹೊರಡುತ್ತಾರೆ.

"ಬಾನೆಟ್ ಎತ್ತಬೇಡಿ!" ಇದು ಮೊದಲ ಆಜ್ಞೆ. ಎತ್ತಿದರೆ ಎಲ್ಲ ವಾಸನೆಯೂ ಬೆರೆತು ಕಲಸುಮೇಲೋಗರವಾಗುತ್ತದಂತೆ. ಆಮೇಲೆ ವಿಚಾರಣೆ. ವಾಸನೆ ಬಂದದ್ದು ಓಡುವಾಗಲೋ, ನಿಂತ ಮೇಲೋ? ಎಸಿ ಹಾಕಿದ್ರಾ? ಈಚೆಗೆ ಆಯಿಲ್ ಬದಲಿಸಿದ್ರಾ? ಈ ಕೊನೆಯದಕ್ಕೆ ಯಾರಾದರೂ ಹೌದೆಂದರೆ ಮೇಷ್ಟ್ರ ಮುಖ ಸಪ್ಪಗಾಗುತ್ತದೆ. ಗ್ಯಾರೇಜಿನ ಹುಡುಗ ಸೈಲೆನ್ಸರ್ ಪೈಪಿನ ಮೇಲೆ ಚೆಲ್ಲಿದ ಎಣ್ಣೆ. ನಾಲ್ಕು ದಿನ ಓಡಿಸಿದರೆ ತಾನೇ ಉರಿದುಹೋಗುತ್ತದೆ. ಇಷ್ಟಕ್ಕೆ ಪಂಚೆ ಎತ್ತಿ ಕಟ್ಟಬೇಕಿತ್ತೆ? "ಆಮೇಲೂ ಬಂದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರ್ತಿದೆ ಅಂತ್ಲೇ ಲೆಕ್ಕ. ನನಗೆ ಒಂದು ಮಾತು ತಿಳಿಸಿ" ಎಂದು ಆಸೆ ಉಳಿಸಿಕೊಂಡು ಹೊರಡುತ್ತಾರೆ.

ಕ್ಲಚ್ ಸುಟ್ಟ ವಾಸನೆಯಾದರೆ ಕಾರನ್ನು ಬಿಟ್ಟು ಮನುಷ್ಯನನ್ನೇ ರಿಪೇರಿಗೆ ತೆಗೆದುಕೊಳ್ಳುತ್ತಾರೆ. "ಕಾಗದ ಸುಟ್ಟ ಹಾಗೆ ಬರ್ತಿದೆ. ಹಾಫ್ ಕ್ಲಚ್! ನಿಮಗೆ ಯಾವುದನ್ನೂ ಪೂರ್ತಿ ಹಿಡಿಯೋಕೂ ಬರಲ್ಲ, ಪೂರ್ತಿ ಬಿಡೋಕೂ ಬರಲ್ಲ. ಸೈಟು ಕೊಳ್ಳೋವಾಗಲೂ ಹೀಗೇ ಮಾಡಿದ್ರಿ." ಪಕ್ಕದಲ್ಲಿ ನಿಂತ ಹೆಂಡತಿ ತಲೆಯಾಡಿಸಿದರಂತೂ ಮುಗಿಯಿತು, ಕ್ಲಚ್ಚಿನ ಮಾತು ಮತ್ತೆ ಬರಲು ಅರ್ಧ ಗಂಟೆ ಬೇಕು. ಬಂದಾಗ ಒಂದೇ ವಾಕ್ಯ: ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಅರಚಿ ಕಾರು ಮಾತ್ರ ತೆವಳಿದರೆ ಪ್ಲೇಟ್ ಮುಗಿದಿದೆ, ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಸೆಟ್ಟೇ ಹಾಕಿಸಿ.

ಅವರು ಮೆರೆದದ್ದು ಉಡುಪಿಯಿಂದ ಬಂದ ಕಾರಿನ ಮುಂದೆ. ಯಜಮಾನರು ಉತ್ತರ ಸಿದ್ಧಮಾಡಿಕೊಂಡೇ ಇಳಿದರು. "ಆಗುಂಬೆಯ ಹದಿನಾಲ್ಕು ತಿರುವು ಹತ್ತಿದೆವಲ್ಲ ಮೇಷ್ಟ್ರೇ, ಕ್ಲಚ್ ಬಿಸಿಯಾಗಿದೆ."

"ಆಗುಂಬೆ ವಾಸನೆ ಆಗುಂಬೆಯಲ್ಲೇ ಇಳೀಬೇಕು ಮಾರಾಯ್ರೆ. ತೀರ್ಥಹಳ್ಳಿ ದಾಟಿ, ಮಂಡಗದ್ದೆ ದಾಟಿ ಇಲ್ಲೀವರೆಗೆ ಯಾಕೆ ಬಂತು?"

ಅಂಗೈಯನ್ನು ಒಂದೊಂದೇ ಚಕ್ರದ ಹತ್ತಿರ, ಮುಟ್ಟದೆ, ಹಿಡಿಯುತ್ತ ಸುತ್ತು ಹಾಕಿದರು. ಮೂರು ಚಕ್ರ ಬೆಚ್ಚಗಿದ್ದವು. ಮುಂದಿನ ಎಡ ಚಕ್ರದ ಬಳಿ ಕೈ ಸರಕ್ಕನೆ ಹಿಂದಕ್ಕೆ ಬಂತು. ಬಕೆಟ್ಟಿನಲ್ಲಿ ನೀರು ತಂದ ಹುಡುಗನಿಗೆ ಗದರಿದರು: ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ, ಸೀಳಲೂಬಹುದು. ಗ್ಯಾರೇಜಿನಲ್ಲಿ ಬಿಚ್ಚಿದಾಗ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಾಲು ತೆಗೆದ ಮೇಲೂ ಬ್ರೇಕ್ ಪ್ಯಾಡ್ ಡಿಸ್ಕನ್ನು ಬಿಡುತ್ತಿರಲಿಲ್ಲ. ಪಿನ್ ಉಜ್ಜಿ, ಗ್ರೀಸ್ ಹಚ್ಚಿ, ಹೊಸ ಪ್ಯಾಡ್ ಹಾಕಿದರು. ಮೈಲೇಜ್ ಬಿದ್ದಿದೆಯೆಂದು ಯಜಮಾನರು ಅಲ್ಲಿಯವರೆಗೆ ಪೆಟ್ರೋಲ್ ಬಂಕಿನವನನ್ನು ಶಪಿಸುತ್ತಿದ್ದರು.

ಸೋಲೂ ಇಲ್ಲದಿಲ್ಲ. ಒಮ್ಮೆ ವೈರಿಂಗು, ಫ್ಯಾನ್ ಬೆಲ್ಟು ಎಂದು ದೀರ್ಘ ಪಾಠ ನಡೆದಿದ್ದಾಗ, ಚೆಂಡು ಹುಡುಕಲು ಕಾರಿನಡಿ ತೂರಿದ ಪೋರನೊಬ್ಬ "ಅಜ್ಜಾ, ಸೈಲೆನ್ಸರ್‌ಗೆ ಪ್ಲಾಸ್ಟಿಕ್ ಕವರ್ ಅಂಟ್ಕೊಂಡಿದೆ" ಎಂದ. ಮೇಷ್ಟ್ರು ಎರಡು ದಿನ ವಾಕಿಂಗಿಗೆ ಬೇರೆ ರಸ್ತೆ ಹಿಡಿದರು.

ಆದರೂ ಮೂಗು ತಪ್ಪುವುದು ಅಪರೂಪ. ಅನಾಹುತವೆಲ್ಲ ಅದರ ಕೆಳಗಿನ ಬಾಯಿಯದು. ಮೂಲೆಮನೆಯ ಅಳಿಯ ಬೆಂಗಳೂರಿನಿಂದ ಬಂದಿದ್ದ. ಅತ್ತೆ, ಹೆಂಡತಿಯನ್ನು ಹೊರನಾಡಿಗೆ ಕರೆದುಕೊಂಡು ಹೋಗಿ, ಪ್ರಸಾದ ಸಮೇತ ಬಾಗಿಲಲ್ಲಿ ಕಾರು ನಿಲ್ಲಿಸಿದ. ಅತ್ತೆ ಎಂದರೆ ಈರುಳ್ಳಿಯನ್ನೂ ಒಳಗೆ ಬಿಡದ ಮಡಿ. ಮೇಷ್ಟ್ರು ಕಿಟಕಿಗೆ ಮೂಗಿಟ್ಟು ಬೀದಿಗೆಲ್ಲ ಕೇಳುವಂತೆ ಘೋಷಿಸಿದರು: "ಮೀನು! ಅಪ್ಪಟ ಮೀನಿನ ವಾಸನೆ!"

ಅತ್ತೆ ಪ್ರಸಾದದ ಚೀಲವನ್ನು ಎದೆಗವಚಿಕೊಂಡರು. ಅಳಿಯ ಹೆಂಡತಿಯ ಮುಖ ನೋಡಿದ. ಹೆಂಡತಿ ಆಕಾಶ ನೋಡಿದಳು. ವೈರಿನ ಪ್ಲಾಸ್ಟಿಕ್ ಕಾದರೆ ಎಷ್ಟೋ ಸಲ ಮೀನಿನ ವಾಸನೆಯೇ ಬರುತ್ತದೆ, ಕೂಡಲೇ ಬ್ಯಾಟರಿ ಬಿಚ್ಚಿ ಎಂದು ಮೇಷ್ಟ್ರು ವಿವರಿಸುವಷ್ಟರಲ್ಲಿ ಅತ್ತೆ ಸ್ನಾನಕ್ಕೆ ಹೋಗಿಯಾಗಿತ್ತು.

ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಬ್ಲೋವರಿನ ಕನೆಕ್ಟರ್ ಕರಗಿ ಕಪ್ಪಾಗಿತ್ತು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಯಾರೋ ಜಾಣ ಹೆಚ್ಚು ಆಂಪಿಯರಿನದನ್ನು ಸಿಕ್ಕಿಸಿದ್ದ. ಹೋಗಬೇಕಾದ ಫ್ಯೂಸ್ ಗಟ್ಟಿಯಾಗಿ ಕೂತಿತ್ತು, ವೈರು ಬೇಯುತ್ತಿತ್ತು. ಹೊಸ ಕನೆಕ್ಟರ್, ಸರಿಯಾದ ಫ್ಯೂಸ್ ಬಿದ್ದ ಮೇಲೆ ವಾಸನೆ ನಿಂತಿತು. ಸುಟ್ಟ ತುಂಡನ್ನು ಮೇಷ್ಟ್ರೇ ಅಂಗೈಲಿಟ್ಟುಕೊಂಡು ಅತ್ತೆಗೆ ತೋರಿಸಿ ಬಂದರು. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ನೋಡಿ, "ಹೌದಾ, ಸರಿ" ಎಂದರು.

ಮುಂದಿನ ಸಲ ಅಳಿಯ ಬಂದು ಶೃಂಗೇರಿಗೆ ಹೊರಡಿಸಿದಾಗ, ಅತ್ತೆ ಡಿಕ್ಕಿ ತೆಗೆಸಿ, ಸ್ಟೆಪ್ನಿ ಎತ್ತಿಸಿ ನೋಡಿ, ಆಮೇಲೆ ಕಾರು ಹತ್ತಿದರು.